ಬಾಟಲಿ ಬದಲಾಗಿರಲಿಲ್ಲ

ಹೇಳಬೇಕಾದದ್ದನ್ನು ಮೊದಲೇ ಹೇಳಿಬಿಡುತ್ತೇನೆ. ಅವರು ಬಾಟಲಿಗಳನ್ನು ಅದಲುಬದಲು ಮಾಡಿರಲಿಲ್ಲ. ಚಳ್ಳಕೆರೆಯ ನಮ್ಮ ಕಾಲೇಜಿನ ಸ್ಟಾಫ್ ರೂಮಿನಲ್ಲಿ ಚಹಾದ ಜೊತೆ ನಂಚಿಕೊಳ್ಳಲು ಒಂದು ಕಥೆ ಇದೆ. ಮೈಕ್ರೋಬಯಾಲಜಿ ಮೇಡಂ ನಮ್ಮೂರು ನನ್ನಿವಾಳದ ಮೊಸರಿಗೆ ಅಂಗಡಿ ಮೊಸರು ಬೆರೆಸಿ ತಮ್ಮ ಪಿಎಚ್‌ಡಿಯನ್ನು ತಾವೇ ಕೆಡಿಸಿಕೊಂಡರು ಎಂಬ ಕಥೆ. ಅದು ಸುಳ್ಳು. ಬೆರೆಸಿದ್ದು ನಮ್ಮ ಮನೆಯಲ್ಲಿ. ಅದು ಆ ಮೇಡಂಗೆ ಗೊತ್ತಿತ್ತು, ನನ್ನ ಅತ್ತೆಗೆ ಗೊತ್ತಿತ್ತು. ಗೊತ್ತಿಲ್ಲದೆ ನಗುತ್ತಿದ್ದವರ ಪೈಕಿ ನಾನೂ ಒಬ್ಬಳು.

ಅವರ ಹೆಸರು ಬರೆಯುವುದಿಲ್ಲ. ಬರೆಯಬಾರದೆಂದು ಅವರೇ ಹೇಳಿದ್ದಾರೆ.

ಮೊಳಕಾಲ್ಮೂರಿನ ಮಗ್ಗದ ಮನೆಯಲ್ಲಿ ಹುಟ್ಟಿದವರು ಅವರು. ಮನೆಮಾತು ತೆಲುಗು, ಪಾಠದ ಮಾತು ಇಂಗ್ಲಿಷ್, ಸಿಟ್ಟಿನ ಮಾತು ಕನ್ನಡ. ರೇಷ್ಮೆ ಸೀರೆಗೆ ಹೆಸರಾದ ಊರಿನವರಾಗಿ ದಿನವೂ ಹತ್ತಿ ಸೀರೆ ಉಟ್ಟು ಬರುತ್ತಿದ್ದರು. ಕೇಳಿದರೆ, "ನಮ್ಮಪ್ಪ ನೇಯ್ದ ರೇಷ್ಮೆಯೆಲ್ಲ ಊರವರ ಮದುವೆಗೆ ಹೋಯ್ತು ಕಣ್ರಿ, ನಮ್ಮಮ್ಮನಿಗೆ ಮಗ್ಗದ ಸಪ್ಪಳ ಉಳೀತು," ಎನ್ನುತ್ತಿದ್ದರು. ಹೇಳುವಾಗ ದುಃಖವೇನೂ ಇರುತ್ತಿರಲಿಲ್ಲ. ಹವಾಮಾನ ಹೇಳಿದ ಹಾಗೆ ಹೇಳುತ್ತಿದ್ದರು.

ಅವರ ವ್ಯಾನಿಟಿ ಬ್ಯಾಗಿನಲ್ಲಿ ಬಾಚಣಿಗೆ ಇರುತ್ತಿತ್ತೋ ಇಲ್ಲವೋ, ಅಗಲ ಬಾಯಿಯ ಪುಟ್ಟ ಗಾಜಿನ ಬಾಟಲಿಗಳಂತೂ ಇದ್ದೇ ಇರುತ್ತಿದ್ದವು. ಬಸ್ಸು ಹಂಪ್ ಹಾರಿದಾಗಲೆಲ್ಲ ತೊಡೆಯ ಮೇಲಿನ ಬ್ಯಾಗು ಕಿಣಿಕಿಣಿ ಎನ್ನುತ್ತಿತ್ತು. ಹೊಸದಾಗಿ ಬಂದ ಕಂಡಕ್ಟರೊಬ್ಬ ಇವರನ್ನು ಬಳೆ ಮಾರುವವರೆಂದೇ ತಿಳಿದು, "ಅಮ್ಮ, ಲಗೇಜಿಗೆ ಬೇರೆ ಟಿಕೆಟ್ ಆಗುತ್ತೆ," ಎಂದಿದ್ದನಂತೆ. ಅದನ್ನು ಸ್ಟಾಫ್ ರೂಮಿಗೆ ಬಂದು ಹೇಳಿ ಎಲ್ಲರಿಗಿಂತ ಮೊದಲು ನಕ್ಕವರು ಅವರೇ. ತಮ್ಮ ಮೇಲಿನ ತಮಾಷೆಯನ್ನು ತಾವೇ ಹಂಚುವ ಅಭ್ಯಾಸ ಅವರಿಗಿತ್ತು. ಹಾಗಿರುವವರನ್ನು ನೋಡಿ ನಗುವುದಕ್ಕೆ ನಮ್ಮಂಥವರಿಗೆ ಯಾವ ಅಳುಕೂ ಇರುವುದಿಲ್ಲ ಎನ್ನುವುದು ಈಗ ಹೊಳೆಯುತ್ತಿದೆ.

ಯಾವುದನ್ನು ಕೇಳಿದರೂ ಅವರದು ಒಂದೇ ಉತ್ತರ. "ನಾಳೆ ಹೊತ್ತಿಗೆ ಗೊತ್ತಾಗುತ್ತೆ ಬಿಡಿ." ವರ್ಗಾವಣೆಯ ಗಾಳಿಸುದ್ದಿ ಬಂದರೂ ಅದೇ, ಸಂಬಳ ತಡವಾದರೂ ಅದೇ. ಹೆಪ್ಪು ಹಾಕಿ ಮುಚ್ಚಿಟ್ಟ ಹಾಲನ್ನು ಗಳಿಗೆಗೊಮ್ಮೆ ತೆಗೆದು ನೋಡಬಾರದು ಎನ್ನುವುದನ್ನು ಅವರು ಇಡೀ ಬದುಕಿಗೆ ಅನ್ವಯಿಸಿಕೊಂಡಿದ್ದರು.

ಲ್ಯಾಬಿನಲ್ಲಿ ಮಕ್ಕಳು ಗಾಜು ಒಡೆದರೆ ಬಯ್ಯುತ್ತಿರಲಿಲ್ಲ. ಒಡೆದು "ನಾನಲ್ಲ ಮೇಡಂ" ಎಂದರೆ ಮಾತ್ರ ಬಿಡುತ್ತಿರಲಿಲ್ಲ. "ಒಡೆದದ್ದು ಗಾಜು. ಅದರ ಜೊತೆ ನೀನ್ಯಾಕೆ ಒಡೀತೀಯಾ?" ಎಂದು ಒಬ್ಬಳನ್ನು ಕೇಳುತ್ತಿದ್ದುದನ್ನು ಬಾಗಿಲಲ್ಲಿ ನಿಂತು ನಾನೇ ಕೇಳಿಸಿಕೊಂಡಿದ್ದೇನೆ. ಆ ಹುಡುಗಿ ಅತ್ತು, ಒಪ್ಪಿಕೊಂಡು, ಮಧ್ಯಾಹ್ನ ಅವರದೇ ಡಬ್ಬಿಯಿಂದ ಮೊಸರನ್ನ ತಿಂದಳು. ಇಂಥ ಮನುಷ್ಯರು ಮುಂದೊಂದು ದಿನ ತಮ್ಮ ಮೇಲೆ ತಾವೇ ಸುಳ್ಳು ಹೊರಿಸಿಕೊಂಡರು. ಅದು ಎಷ್ಟು ಕಷ್ಟವಾಗಿರಬೇಕೆಂದು ಈಗ ಯೋಚಿಸಿದರೆ ನನ್ನ ಮುಖ ಸುಡುತ್ತದೆ.

ನಾನು ಕನ್ನಡ ಪಾಠ ಮಾಡುವವಳು. ವಿಜ್ಞಾನವೆಂದರೆ ಹತ್ತನೇ ತರಗತಿಗೇ ಕೈಮುಗಿದು ಬಂದವಳು. ನನಗೆ ಅರ್ಥವಾದರೆ ಯಾರಿಗಾದರೂ ಅರ್ಥವಾಗುತ್ತದೆ ಎಂದು ಅವರು ಒಮ್ಮೆ ನನ್ನನ್ನು ತಮ್ಮ ತರಗತಿಯ ಹಿಂದಿನ ಬೆಂಚಿನಲ್ಲಿ ಕೂರಿಸಿದ್ದರು. "ಕನ್ನಡ ಮೇಡಂ ತಲೆ ಆಡಿಸಿದರೆ ಮಾತ್ರ ನಾನು ಮುಂದಕ್ಕೆ ಹೋಗೋದು," ಎಂದು ಮಕ್ಕಳಿಗೆ ಹೇಳಿ ಶುರುಮಾಡಿದರು.

ನಾವೆಲ್ಲ ತಿಳಿದಿರುವುದು ಗುಣ ತಾಯಿಯಿಂದ ಮಗಳಿಗೆ ಬರುತ್ತದೆ ಎಂದು. ಜೀನು ಎನ್ನುವುದು ಮೇಲಿನಿಂದ ಕೆಳಕ್ಕೆ ಇಳಿಯುವ ಆಸ್ತಿ. ಬ್ಯಾಕ್ಟೀರಿಯಾಗಳಲ್ಲಿ ಹಾಗೆ ಇಳಿಯುವುದೂ ಉಂಟು, ಜೊತೆಗೆ ಇನ್ನೊಂದು ದಾರಿಯೂ ಉಂಟು. ಅದನ್ನು ತೋರಿಸಲು ಅವರು ಒಂದೇ ಬೆಂಚಿನ ಇಬ್ಬರು ಹುಡುಗಿಯರನ್ನು ಎಬ್ಬಿಸಿ ನಿಲ್ಲಿಸಿದರು. ಒಬ್ಬಳ ಕೈಯ ಬಳೆಯೊಂದನ್ನು ತೆಗೆದು ಇನ್ನೊಬ್ಬಳ ಕೈಗೆ ತೊಡಿಸಿದರು.

"ಇವಳು ಇವಳ ಅಮ್ಮ ಅಲ್ಲ, ಅಕ್ಕ ಅಲ್ಲ, ನೆಂಟರೂ ಅಲ್ಲ. ಪಕ್ಕದಲ್ಲಿ ಕೂತಿದ್ದಾಳೆ, ಅಷ್ಟೇ. ಬ್ಯಾಕ್ಟೀರಿಯಾಗೆ ಅಷ್ಟು ಸಾಕು. ಹಿಂಗೇ ಬಳೆ ಥರ ಒಂದು ಉಂಗುರದಲ್ಲಿ ಕೆಲವು ಜೀನು ಇರುತ್ತವೆ. ಅದನ್ನ ಪಕ್ಕದವರಿಗೆ ದಾಟಿಸಿಬಿಡುತ್ತೆ. ಒಂದು ವ್ಯತ್ಯಾಸ ಇದೆ. ಅಲ್ಲಿ ಕೊಟ್ಟವಳ ಕೈಯಲ್ಲೂ ಬಳೆ ಉಳಿಯುತ್ತೆ, ತಗೊಂಡವಳ ಕೈಗೂ ಬರುತ್ತೆ."

"ಹೆಪ್ಪು ಕೊಟ್ಟಂಗೆ ಮೇಡಂ," ಎಂದಳು ಒಬ್ಬಳು.

"ಅದೇಮ್ಮಾ," ಎಂದು ಅವರು ಅವಳನ್ನು ಮೆಚ್ಚಿಕೊಂಡು ನೋಡಿದ ನೋಟವನ್ನು ನನ್ನ ಇಡೀ ಓದಿನಲ್ಲಿ ಯಾವ ಮೇಷ್ಟರೂ ನನಗೆ ಕೊಟ್ಟಿಲ್ಲ.

ಆಮೇಲೆ ಬೋರ್ಡಿನ ಮೇಲೆ ಉದ್ದಗೆರೆ ಅಡ್ಡಗೆರೆ ಎಳೆದರು. ತಾಯಿಯಿಂದ ಮಗಳಿಗೆ ಬರುವುದು ಹಾಸು, ಪಕ್ಕದವರಿಂದ ಬರುವುದು ಹೊಕ್ಕು, ನಮ್ಮಪ್ಪ ಮಗ್ಗದ ಮುಂದೆ ಇದನ್ನೇ ತೆಲುಗಿನಲ್ಲಿ ಪಡುಗು ಪೇಕ ಅಂತಿದ್ದರು, ಒಂದೇ ಇದ್ದರೆ ಅದು ದಾರ, ಎರಡೂ ಸೇರಿದರೆ ಬಟ್ಟೆ ಎಂದರು. ನಾನು ತಲೆ ಆಡಿಸಿದೆ. ಪಾಠ ಮುಂದಕ್ಕೆ ಹೋಯಿತು. ಆ ವಾರದ ಪರೀಕ್ಷೆಯಲ್ಲಿ ಪಕ್ಕದವನಿಗೆ ಉತ್ತರ ಪಿಸುಗುಟ್ಟುತ್ತಿದ್ದವನನ್ನು ಹಿಡಿದಾಗ, "ಮೇಡಂ, ಹೊಕ್ಕು ಮೇಡಂ," ಎಂದನಂತೆ ಆ ಪುಣ್ಯಾತ್ಮ. ಇಬ್ಬರನ್ನೂ ಹೊರಗೆ ಕಳಿಸಿದರು, ನಗುತ್ತಲೇ.

ಕೆಲಸದ ಕೊನೆಯ ವರ್ಷಗಳಲ್ಲಿ ಅವರು ಪಿಎಚ್‌ಡಿಗೆ ಹೆಸರು ಹಚ್ಚಿದ್ದು ಬಡ್ತಿಗಲ್ಲ. ಆ ಹೊತ್ತಿಗೆ ಬಡ್ತಿಯಿಂದ ಆಗಬೇಕಾದದ್ದೇನೂ ಇರಲಿಲ್ಲ. ಚಳ್ಳಕೆರೆ, ಮೊಳಕಾಲ್ಮೂರು ಸೀಮೆಯ ಹಳೆಯ ಮನೆಗಳ ಮೊಸರಿನಲ್ಲಿರುವ ಬ್ಯಾಕ್ಟೀರಿಯಾಗಳನ್ನು ನೋಡಬೇಕು, ಪಕ್ಕದವರಿಂದ ಏನೇನು ಪಡೆದಿವೆ ಎಂದು ತಿಳಿಯಬೇಕು ಎನ್ನುವುದು ಬಹಳ ದಿನದ ಆಸೆ. ಭಾನುವಾರ ಬಂತೆಂದರೆ ಬಸ್ಸು ಹತ್ತಿ ಹಳ್ಳಿಗೆ ಹೋಗುತ್ತಿದ್ದರು. ಸಿದ್ದಾಪುರದಲ್ಲಿ ಇಳಿದಾಗ ಒಬ್ಬರು, "ಶಾಸನ ನೋಡಾಕೆ ಬಂದೀರಾ? ಇಲ್ಲಲ್ಲ, ಬ್ರಹ್ಮಗಿರಿ ಆ ಕಡೆ ಐತೆ ನೋಡ್ರಿ," ಎಂದು ದಾರಿ ತೋರಿಸಿದರಂತೆ. "ಇಲ್ಲಪ್ಪ, ಮೊಸರು ನೋಡೋಕೆ ಬಂದೆ," ಎಂದರೆ ಆತ ಸ್ವಲ್ಪ ಹೊತ್ತು ಯೋಚಿಸಿ, "ಹಂಗಾರೆ ಮನೆಗೇ ಬರ್ರಿ," ಎಂದರಂತೆ.

ಯಾರ ಮನೆಯಲ್ಲೂ ಅವರು ತಾವಾಗಿ ಮಡಕೆಗೆ ಕೈ ಹಾಕಿದವರಲ್ಲ. ಮನೆಯಾಕೆಯೇ ತನ್ನ ಕೈಯಿಂದ ಬಾಟಲಿಗೆ ಹಾಕಿಕೊಡಬೇಕು. ಕೊಟ್ಟ ಮೇಲೆ ಎರಡೂ ಕೈ ಚಾಚಿ ಪ್ರಸಾದ ತೆಗೆದುಕೊಂಡ ಹಾಗೆ ತೆಗೆದುಕೊಳ್ಳುತ್ತಿದ್ದರು.

ಅವರನ್ನು ನನ್ನಿವಾಳಕ್ಕೆ, ನಮ್ಮ ಮನೆಗೆ ಕರೆದುಕೊಂಡು ಹೋದವಳು ನಾನು. ನಮ್ಮತ್ತೆಯ ಹೆಪ್ಪಿನ ಬಗ್ಗೆ ಸ್ಟಾಫ್ ರೂಮಿನಲ್ಲಿ ಜಂಬ ಕೊಚ್ಚುವುದು ನನ್ನ ದಿನನಿತ್ಯದ ಕೆಲಸವಾಗಿತ್ತು. ಅತ್ತೆಯ ತವರು ಸಿದ್ದಾಪುರ. ಮದುವೆಯಾಗಿ ಬರುವಾಗ ಅವರವ್ವ ಕೊಟ್ಟು ಕಳಿಸಿದ ಹೆಪ್ಪು ಅದು. ನಮ್ಮ ಹಟ್ಟಿಯಲ್ಲಿ ಹೊಸದಾಗಿ ಸಂಸಾರ ಹೂಡುವ ಯಾವ ಹೆಣ್ಣಿಗಾದರೂ ಮೊದಲ ಹೆಪ್ಪು ಅತ್ತೆಯ ಕೈಯಿಂದಲೇ ಹೋಗಬೇಕು. ಪ್ರತಿ ಸೋಮವಾರ ಆ ಮಡಕೆಯ ಮೊದಲ ಬಟ್ಟಲು ಹಟ್ಟಿಯ ದೇವರಿಗೆ ಮೀಸಲು. ಮೀಸಲಿನ ಮಡಕೆಗೆ ಅಂಗಡಿಯದು ಏನೂ ಸೋಕುವಂತಿಲ್ಲ. ಹಾಗೆಯೇ, ಹೆಪ್ಪನ್ನು ತವರಿನಿಂದ ತರುವುದು ಒಂದೇ ಸಲ. ಕೆಡಿಸಿಕೊಂಡು ಎರಡನೇ ಸಲ ಕೇಳಲು ಹೋದವಳ ಬಗ್ಗೆ ತವರಿನಲ್ಲೂ ಗಂಡನ ಮನೆಯಲ್ಲೂ ಏನು ಮಾತಾಡುತ್ತಾರೆಂದು ನಾನು ಬಿಡಿಸಿ ಹೇಳಬೇಕಾಗಿಲ್ಲ.

ಅತ್ತೆಗೂ ತೆಲುಗು ಚೆನ್ನಾಗಿ ಬರುತ್ತದೆ. ಇಬ್ಬರೂ ಜಗಲಿಯ ಮೇಲೆ ಕೂತು ಮಾತಿಗಿಳಿದರೆ ನನಗೆ ಅರ್ಧ ಮಾತ್ರ ಅರ್ಥವಾಗುತ್ತಿತ್ತು. ಬಾಟಲಿಗೆ ಹೆಪ್ಪು ಹಾಕುವಾಗ ಮಾತ್ರ ಅತ್ತೆ ನನಗೂ ಕೇಳಲಿ ಎಂದು ಕನ್ನಡದಲ್ಲಿ ಹೇಳಿದರು.

"ನಮ್ಮವ್ವಂಗೆ ಅವ್ರವ್ವ ಕೊಟ್ಟಿದ್ದು. ಅಂಗ್ಡಿ ಮೊಸ್ರು ಈ ಹೊಸ್ತಿಲು ದಾಟಿಲ್ಲ ಮೇಡಮ್ಮ."

"ಅದಕ್ಕೇ ಬಂದಿದ್ದಮ್ಮಾ," ಎಂದು ಅವರು ಎರಡೂ ಕೈ ಚಾಚಿದರು.

ಕೆಲವು ತಿಂಗಳ ನಂತರ ಅವರ ಮುಖ ನೋಡಬೇಕಿತ್ತು. ನಮ್ಮ ಮನೆಯ ಬಾಟಲಿಯಲ್ಲಿ ಅವರು ಎಲ್ಲಿಯೂ ಕಾಣದ್ದನ್ನು ಕಂಡಿದ್ದರು. ಮೊಸರಿನ ಬ್ಯಾಕ್ಟೀರಿಯಾಗಳನ್ನೂ ತಿನ್ನುವ ವೈರಸ್ಸುಗಳಿರುತ್ತವಂತೆ. ಅವನ್ನು ತಡೆಯುವ ಜೀನು ಇರುವ ಬ್ಯಾಕ್ಟೀರಿಯಾವನ್ನು ಕಾರ್ಖಾನೆಯವರು ಆರಿಸಿ ಪ್ಯಾಕೆಟ್ ಮೊಸರಿಗೆ ಬಳಸುತ್ತಾರಂತೆ. ನಮ್ಮ ಬಾಟಲಿಯಲ್ಲಿದ್ದ ಬ್ಯಾಕ್ಟೀರಿಯಾ ಅಪ್ಪಟ ಹಳೆಯದು, ಸಿದ್ದಾಪುರದ್ದೇ. ಆದರೆ ಅದರೊಳಗೆ ಇದ್ದದ್ದು ಕಾರ್ಖಾನೆಯ ಜೀನು. "ಹುಡುಗಿ ನಿಮ್ಮ ಹಟ್ಟಿಯವಳೇ ಕನ್ನಡ ಮೇಡಂ, ಕೈಯಲ್ಲಿ ಮಾತ್ರ ಪೇಟೆ ಬಳೆ," ಎಂದು ಕಣ್ಣರಳಿಸಿ ಹೇಳಿದರು.

ಮಾರ್ಗದರ್ಶಕರು ಇದನ್ನು ಒಪ್ಪಲಿಲ್ಲ. ಪಕ್ಕದಲ್ಲಿ ಕೂರದೆ ಬಳೆ ದಾಟುವುದು ಹೇಗೆ? ಆ ಮನೆಗೆ ಪ್ಯಾಕೆಟ್ ಮೊಸರು ಬಂದೇ ಇಲ್ಲ ಎಂದು ನೀವೇ ಬರೆದಿದ್ದೀರಿ. ಹಾಗಾದರೆ ಈ ಮೊಸರೂ ಹೋಲಿಸಲು ತಂದ ಪ್ಯಾಕೆಟ್ ಮೊಸರೂ ಬೆರೆತದ್ದು ನಿಮ್ಮ ಲ್ಯಾಬಿನಲ್ಲಿ, ಬಾಟಲಿ ಅದಲುಬದಲಾಗಿದೆ ಎಂದರಂತೆ. ಮನೆಯಾಕೆ "ಹೌದು, ಬೆರೆಸಿದ್ದೆ" ಎಂದಿದ್ದರೆ ಕಥೆಯೇ ಬೇರೆ. ಒಂದು ಮನೆಯ ಮಡಕೆಯೊಳಗೆ ಜೀನು ಪಕ್ಕದವರಿಗೆ ದಾಟಿದ್ದನ್ನು ಕಣ್ಣಾರೆ ಹಿಡಿದ ಹಾಗಾಗುತ್ತಿತ್ತು. ಆ ಒಂದು ಮಾತಿದ್ದರೆ ಅದು ಸಂಶೋಧನೆ. ಇಲ್ಲದಿದ್ದರೆ ಅದು ಕೊಳಕು ಬಾಟಲಿ.

ಅವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ. "ನಿಮ್ಮ ಮನೆಗೆ ಯಾವಾಗಲಾದರೂ ಪ್ಯಾಕೆಟ್ ಮೊಸರು ಬಂದಿತ್ತಾ?"

"ನಮ್ಮತ್ತೆ ಕೇಳಿಸಿಕೊಂಡರೆ ಎದೆ ಒಡೆದುಕೊಳ್ತಾರೆ," ಎಂದೆ ನಾನು. ನನ್ನ ದನಿಯಲ್ಲಿ ಬಿಗುಮಾನವಿತ್ತು. ಅವರು "ನಾಳೆ ಹೊತ್ತಿಗೆ ಗೊತ್ತಾಗುತ್ತೆ ಬಿಡಿ," ಎನ್ನಲಿಲ್ಲ. ಸುಮ್ಮನೆ ಬ್ಯಾಗು ಎತ್ತಿಕೊಂಡು ತರಗತಿಗೆ ಹೋದರು.

ಕೆಲವು ದಿನಗಳಲ್ಲಿ ಸುದ್ದಿ ಬಂತು. ಮಾದರಿಗಳು ತಮ್ಮ ಕೈಯಲ್ಲೇ ಬೆರೆತಿರಬಹುದು ಎಂದು ಅವರೇ ಬರೆದುಕೊಟ್ಟು ಆ ಅಧ್ಯಾಯವನ್ನು ಹಿಂತೆಗೆದುಕೊಂಡಿದ್ದರು. ಲ್ಯಾಬಿನವರು ಬಾಟಲಿಗಳನ್ನು ಅಶುದ್ಧವೆಂದು ಬಿಸಾಡಿದರು. ಆ ಅಧ್ಯಾಯವಿಲ್ಲದೆ ಪ್ರಬಂಧದಲ್ಲಿ ಹುರುಳೇ ಇರಲಿಲ್ಲವಾದ್ದರಿಂದ ಉಳಿದದ್ದನ್ನೂ ಅವರು ಕೊಡಲಿಲ್ಲ. ನಮ್ಮ ಕಾಮರ್ಸ್ ಮೇಷ್ಟರಿಗೆ ಮಾತ್ರ ಅವತ್ತು ಹಬ್ಬ. "ಕಲಬೆರಕೆ ಮೇಡಂ" ಎಂಬ ಹೆಸರು ಆತನ ಬಾಯಿಂದ ಹೊರಟು ಸಂಜೆಯೊಳಗೆ ಅಟೆಂಡರ್‌ವರೆಗೂ ಮುಟ್ಟಿತ್ತು. ಮೇಡಂ ಅದನ್ನೂ ಕೇಳಿಸಿಕೊಂಡು ನಕ್ಕರು. ಅವರೇ ನಗುತ್ತಿದ್ದಾರೆ, ನಾವು ನಗುವುದರಲ್ಲಿ ಏನಿದೆ ಎಂದುಕೊಂಡೆವು.

ಕಳೆದ ತಿಂಗಳು ಅವರ ಬೀಳ್ಕೊಡುಗೆ. ಶಾಲು, ಹಾರ, ಹಣ್ಣಿನ ಬುಟ್ಟಿ ಎಲ್ಲ ಆಯಿತು. ಕಾಮರ್ಸ್ ಮೇಷ್ಟರು ಮೈಕು ಹಿಡಿದು, "ಮೇಡಂ ಇನ್ನು ಮನೆಯಲ್ಲಿ ಆರಾಮಾಗಿ ಮೊಸರು ಕಲಸಬಹುದು, ಬಾಟಲಿ ಮಾತ್ರ ಬೇರೆ ಬೇರೆ ಇಟ್ಟುಕೊಳ್ಳಲಿ," ಎಂದರು. ಸಭಾಂಗಣವೆಲ್ಲ ನಕ್ಕಿತು. ಮೇಡಂ ಬಾಯಿಗೆ ಸೆರಗು ಹಿಡಿದು ನಕ್ಕರು. ಅವರ ಪಕ್ಕದ ಕುರ್ಚಿಯಲ್ಲಿದ್ದ ನಾನು ಕಣ್ಣಲ್ಲಿ ನೀರು ಬರುವಷ್ಟು ನಕ್ಕೆ.

ಅವತ್ತು ಶನಿವಾರ. ಸಂಜೆ ಮನೆಗೆ ಬಂದಾಗ ಅತ್ತೆ ಹೆಪ್ಪು ಹಾಕುತ್ತಿದ್ದರು. ಕಾಯಿಸಿದ ಹಾಲಿಗೆ ಕಿರುಬೆರಳು ಅದ್ದಿ ಹದ ನೋಡಿ, ಚಮಚದಲ್ಲಿ ಹೆಪ್ಪು ತೆಗೆದಿದ್ದರು. ನಾನು ಬಟ್ಟೆ ಬದಲಿಸುತ್ತಲೇ ಸಭೆಯ ತಮಾಷೆಯನ್ನು ರಸವತ್ತಾಗಿ ಹೇಳಿದೆ. ಬಾಟಲಿಯ ಕಥೆ ಅತ್ತೆಯ ಕಿವಿಗೆ ಬಿದ್ದದ್ದು ಅದೇ ಮೊದಲು. ಇಷ್ಟು ದಿನ ನಾನು ಹೇಳದೆ ಇದ್ದದ್ದು, ನಮ್ಮ ಮನೆಯ ಮೊಸರಿನಿಂದಲೇ ಆ ಗೊಂದಲವಾಯಿತೆಂದು ಅವರು ನೊಂದುಕೊಳ್ಳಬಾರದು ಎಂದು. ಮುಗಿಸಿ ತಿರುಗಿ ನೋಡಿದರೆ ಅತ್ತೆಯ ಕೈಯ ಚಮಚ ಹಾಲಿನ ಮೇಲೆ ಹಾಗೇ ನಿಂತಿತ್ತು.

"ಯಾರ್ಯಾರು ನಕ್ರು?"

"ಎಲ್ಲಾರೂ, ಅತ್ತೆ."

"ನೀನು?"

"ಎಲ್ಲಾರೂ ನಗುವಾಗ ನಾನೊಬ್ಳು ಹೆಂಗೆ ಸುಮ್ನಿರ್ಲಿ?"

ಅತ್ತೆ ಚಮಚವನ್ನು ಹಾಲಿಗೆ ಬಿಟ್ಟರು. ಮುಚ್ಚಳ ಮುಚ್ಚಿದರು. ಆಮೇಲೆ ನೆಲದ ಮೇಲೆ ಕೂತರು.

"ಬೆರೆಸಿದ್ದು ನಾನು ಕಣವ್ವ," ಎಂದರು.

ದನಗಳಿಗೆ ಚರ್ಮಗಂಟು ರೋಗ ಬಂದ ವರ್ಷ ನಮ್ಮ ಕೊಟ್ಟಿಗೆಯ ಹಸುಗಳೆಲ್ಲ ಬತ್ತಿದ್ದವು. ಅತ್ತೆ ಪಕ್ಕದ ಮನೆಗಳಿಂದ ಕಾಡಿಬೇಡಿ ಲೋಟ ಹಾಲು ತಂದು ಹೆಪ್ಪನ್ನು ಉಳಿಸಿಕೊಂಡಿದ್ದು ನನಗೆ ಗೊತ್ತಿತ್ತು. ಆಮೇಲೆ ಅವರ ಹಸುಗಳೂ ಬತ್ತಿದವು. ಹೆಪ್ಪು ನೂಲಾಗಿ ನಾತ ಹೊಡೆಯತೊಡಗಿತು. ಒಂದು ದಿನ ಕಣ್ಣಿನ ಡಾಕ್ಟರಿಗೆ ತೋರಿಸುವ ನೆಪದಲ್ಲಿ ಚಳ್ಳಕೆರೆಗೆ ಹೋದ ಅತ್ತೆ, ಬಸ್ ಸ್ಟ್ಯಾಂಡ್ ಹತ್ತಿರದ ಅಂಗಡಿಯಲ್ಲಿ ಪ್ಯಾಕೆಟ್ ಹಾಲು, ಪ್ಯಾಕೆಟ್ ಮೊಸರು ಕೊಂಡು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಬಂದಿದ್ದರು. ಸಾಯುತ್ತಿದ್ದ ಹೆಪ್ಪಿನ ಜೊತೆ ಅದನ್ನು ಕಲಸಿ ಎಬ್ಬಿಸಿದ್ದರು. ಖಾಲಿ ಪ್ಯಾಕೆಟ್ಟುಗಳನ್ನು ಒಲೆಗೆ ಹಾಕಿದ್ದರು. ಹಸುಗಳು ಚೇತರಿಸಿಕೊಂಡ ಮೇಲೆ ಅದೇ ಹೆಪ್ಪು ಮುಂದುವರಿಯಿತು. ಅದೇ ಮಡಕೆಯಿಂದ ಸೋಮವಾರದ ಮೀಸಲು ಹೋಯಿತು, ಅದೇ ಮಡಕೆಯಿಂದ ಮದುವಣಗಿತ್ತಿಯರಿಗೆ ಹೆಪ್ಪು ಹೋಯಿತು. ಅದೇ ಮಡಕೆಯಿಂದ ಮೇಡಂ ಬಾಟಲಿಗೂ ಹೋಯಿತು.

"ನೀನು ಪರೀಕ್ಷೆ ಡ್ಯೂಟಿ ಅಂತ ಹೋಗಿದ್ದಾಗ ಆ ಮೇಡಮ್ಮ ಒಬ್ರೇ ಬಂದಿದ್ರು," ಎಂದರು ಅತ್ತೆ. "ಬೆರೆಸಿದ್ರೆ ತಪ್ಪಿಲ್ಲಮ್ಮ, ಬೆರೆಸಿದ್ರೇ ನಂಗೆ ಒಳ್ಳೇದು, ಒಂದು ಮಾತು ಹೇಳ್ರಿ ಸಾಕು ಅಂದ್ರು. ಹೂಂ ಅಂದೆ. ಅಂದು ಅವ್ರ ಕಾಲು ಹಿಡ್ಕಂಡೆ. ದೇವ್ರಿಗೆ ಅಂಗ್ಡಿ ಮೊಸ್ರು ಇಟ್ಟೀನಿ, ಹಟ್ಟಿಗೆ ಗೊತ್ತಾದ್ರೆ ನಾನು ತಲೆ ಎತ್ತಿ ತಿರುಗಂಗಿಲ್ಲ, ಬರೀಬ್ಯಾಡ್ರಿ ಅಂದೆ."

"ಅವ್ರೇನಂದ್ರು?"

"ಮಜ್ಜಿಗೆ ಐತಾ ಅಂತ ಕೇಳಿದ್ರು. ಕುಡಿದು ಹೋದ್ರು."

ಅಷ್ಟಕ್ಕೇ ಮುಗಿದಿರಲಿಲ್ಲ. ಮುಂದಿನ ಭಾನುವಾರ ಮೇಡಂ ಸಿದ್ದಾಪುರಕ್ಕೆ, ಅತ್ತೆಯ ತಮ್ಮನ ಮನೆಗೆ ಹೋಗಿದ್ದರು. ಪರೀಕ್ಷೆಗೆ ಎಂದು ಹೇಳಿ ಒಂದು ಬಾಟಲಿ ಹೆಪ್ಪು ಪಡೆದುಕೊಂಡಿದ್ದರು. ಅತ್ತೆಯ ಅವ್ವನ ಹೆಪ್ಪು, ಯಾವುದೂ ಬೆರೆಯದ್ದು. ಅದನ್ನು ನೇರವಾಗಿ ನನ್ನಿವಾಳಕ್ಕೆ ತಂದು ಅತ್ತೆಯ ಕೈಗಿಟ್ಟಿದ್ದರು. ಹಳೆಯದನ್ನು ಚೆಲ್ಲಿ ಇದನ್ನು ಹಾಕಿಕೊಳ್ಳಿ, ನೀವು ಕೇಳಿಲ್ಲ, ಅವರು ಕೊಟ್ಟಿಲ್ಲ, ಯಾರಿಗೂ ಗೊತ್ತಿಲ್ಲ ಎಂದಿದ್ದರು.

ಹೆಪ್ಪು ಹೋದ ಬೇರೆ ಮನೆಗಳಲ್ಲಿ ಆಮೇಲೆ ಏನೇನು ಬೆರೆತಿತ್ತೋ, ಅವರ ಸಂಶೋಧನೆಗೆ ನಂಬಬಹುದಾದ ಸಾಕ್ಷಿಯಾಗಿ ಉಳಿದಿದ್ದದ್ದು ಆ ಮಡಕೆಯೊಂದೇ. ಅದನ್ನು ಅವರೇ ಚೆಲ್ಲಿಸಿದ್ದರು. ಚೆಲ್ಲಿಸಿ, ಸ್ಟಾಫ್ ರೂಮಿಗೆ ಬಂದು ನನ್ನ ಪಕ್ಕದಲ್ಲೇ ಕೂತು, ಕಲಬೆರಕೆ ಮೇಡಂ ಎಂದು ಕರೆಸಿಕೊಂಡು ನಕ್ಕಿದ್ದರು. ಅಲ್ಲಿಂದಾಚೆಗೆ ನಾವು ಉಂಡ ಒಂದೊಂದು ತುತ್ತು ಮೊಸರನ್ನವೂ ಅವರು ತಂದುಕೊಟ್ಟ ಹೆಪ್ಪಿನದು. ಅದನ್ನು ಉಂಡ ಬಾಯಲ್ಲೇ ನಾನು ನಕ್ಕಿದ್ದೆ. ನಾಚಿಕೆ ಎನ್ನುವ ಮಾತನ್ನು ಎಷ್ಟೋ ಸಲ ಬೋರ್ಡಿನ ಮೇಲೆ ಬರೆದು ಅರ್ಥ ಹೇಳಿದ್ದೇನೆ. ಆ ರಾತ್ರಿ ಮೊಸರು ಹಾಕಿಸಿಕೊಳ್ಳದೆ ಊಟದಿಂದ ಎದ್ದೆ.

ಸೋಮವಾರ ಬೆಳಿಗ್ಗೆ ಮೀಸಲಿನ ಬಟ್ಟಲು ಹಿಡಿದು ಗುಡಿಗೆ ಹೋದವರು ಎಂದಿಗಿಂತ ತಡವಾಗಿ ಬಂದರು. ಬಟ್ಟಲು ಹಾಗೇ ತುಂಬಿತ್ತು. "ಮೊಳಕಾಲ್ಮೂರಿಗೆ ಕರ್ಕಂಡು ಹೋಗ್ತೀಯಾ?" ಎಂದು ಕೇಳಿದರು. ನಾನು ರಜೆ ಹಾಕಿದೆ.

ಮೇಡಂ ಮನೆ ಇರುವ ಓಣಿಯಲ್ಲಿ ಇನ್ನೂ ಒಂದೆರಡು ಮಗ್ಗಗಳ ಸಪ್ಪಳವಿತ್ತು. ನಮ್ಮನ್ನು ಕಂಡು ಅವರಿಗೆ ಬಹಳ ಸಂತೋಷವಾಯಿತು. ಅತ್ತೆಯ ಕೈಹಿಡಿದು ಕೂರಿಸಿ ತೆಲುಗಿನಲ್ಲಿ ಕ್ಷೇಮ ಕೇಳತೊಡಗಿದರು. ಅತ್ತೆ ನಡುವೆಯೇ ತಡೆದರು.

"ಹಟ್ಟಿಗೆ ಹೇಳಿ ಬಂದೀನಿ ಮೇಡಮ್ಮ. ಗುಡಿ ಮುಂದೆ ನಿಂತು ಎಲ್ಲಾ ಹೇಳ್ದೆ."

ಮೇಡಂ ಎದ್ದು ನಿಂತರು. ಅವರ ಮಾತು ಕನ್ನಡಕ್ಕೆ ತಿರುಗಿತು. "ಯಾಕಮ್ಮಾ ಹೇಳಿದ್ರಿ? ಯಾರು ಕೇಳಿದ್ರು ನಿಮ್ಮನ್ನ? ಎಲ್ಲಾ ಮುಗಿದ ಮೇಲೆ ಯಾಕೆ ಬೇಕಿತ್ತು ಇದು?" ಅವರಿಗೆ ನಿಜವಾಗಿ ಸಿಟ್ಟು ಬಂದಿತ್ತು. ಅವರು ಕಳೆದುಕೊಂಡದ್ದಕ್ಕೆ ಬದಲಾಗಿ ಉಳಿಸಿದ್ದು ಅತ್ತೆಯ ಮಾನವೊಂದನ್ನು. ಅದನ್ನೂ ಅತ್ತೆ ತಾವಾಗಿಯೇ ಗುಡಿಯ ಮುಂದೆ ಇಟ್ಟು ಬಂದಿದ್ದರು.

"ಇವ್ಳು ನಕ್ಕಿದ್ದು ಕೇಳಿ ತಡ್ಕಣಾಕೆ ಆಗ್ಲಿಲ್ಲ," ಎಂದು ಅತ್ತೆ ನನ್ನ ಕಡೆ ತೋರಿಸಿದರು. "ಈಗ ಬರೀರಿ. ಎಲ್ಲಿ ಹೆಬ್ಬೆಟ್ಟು ಒತ್ತು ಅಂದ್ರೂ ಒತ್ತುತೀನಿ."

"ಆ ಮೊಸರೇ ಇಲ್ಲವಲ್ಲಮ್ಮಾ. ನಾನೇ ಚೆಲ್ಲಿ ಅಂದೆ."

ಇಷ್ಟು ಹೇಳಿ ಅವರು ಒಳಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಕೈಯಲ್ಲಿ ಎರಡು ಲೋಟ ಮಜ್ಜಿಗೆ ಇತ್ತು, ಸಿಟ್ಟು ಇಳಿದಿತ್ತು. ಅತ್ತೆ ಒಂದು ಗುಟುಕು ಕುಡಿದು ಲೋಟವನ್ನು ನೋಡಿದರು. ಇನ್ನೊಂದು ಗುಟುಕು ಕುಡಿದು ಮೇಡಂ ಮುಖ ನೋಡಿದರು.

"ಇದು ನಮ್ಮನೇದು," ಎಂದರು ಅತ್ತೆ. "ಆ ಬೆರಕೇದು."

"ಹೌದಮ್ಮಾ. ಅವತ್ತು ಚೆಲ್ಲಿ ಅಂದೆ, ಚೆಲ್ಲೋಕೆ ಮುಂಚೆ ನಿಮಗೆ ಹೇಳದೆ ಒಂದು ಚಮಚ ತಗೊಂಡು ಬಂದೆ. ಪರೀಕ್ಷೆಗಲ್ಲ. ಸಾಯಿಸೋಕೆ ಮನಸ್ಸು ಬರಲಿಲ್ಲ. ಅವತ್ತಿಂದ ದಿನಾ ಇದನ್ನೇ ಹಾಕ್ತಿದ್ದೀನಿ."

ನನಗೆ ತಟ್ಟನೆ ಆಸೆ ಹುಟ್ಟಿತು. "ಹಾಗಾದರೆ ಮತ್ತೆ ನೋಡಬಹುದಲ್ಲ ಮೇಡಂ? ಆ ಬಳೆ ಇದರಲ್ಲಿ ಇನ್ನೂ ಇರಬಹುದಲ್ಲ?"

"ಇರಬಹುದು. ಆದರೆ ಈಗ ಇದು ನನ್ನ ಅಡುಗೆಮನೆ ಮೊಸರು ಕನ್ನಡ ಮೇಡಂ. ನನ್ನ ಅಡುಗೆಮನೆಯಿಂದ ತಂದದ್ದನ್ನ ಸಾಕ್ಷಿ ಅಂತ ಯಾವನಾದರೂ ಒಪ್ಪಿದರೆ ಅವನನ್ನ ನಾನೇ ಫೇಲ್ ಮಾಡ್ತೀನಿ." ಹೇಳಿ ಅವರೇ ನಕ್ಕರು. ಅವರು ನಕ್ಕಾಗ ನಾನು ನಗದೆ ಕೂತದ್ದು ಅದೇ ಮೊದಲು.

ಹೊರಡುವಾಗ, ಇದನ್ನು ಬರೆಯುತ್ತೇನೆ ಎಂದು ನಾನು ಹೇಳಿದೆ. ಅವರು ಬಾಗಿಲವರೆಗೂ ಬಂದರು. "ಹೆಸರು ಹಾಕಬೇಡಿ. ಹಾಕಿದರೆ ಅರ್ಜಿ ಕೊಟ್ಟಂಗೆ ಕಾಣುತ್ತೆ," ಎಂದರು.

ಹಟ್ಟಿಯವರು ಅತ್ತೆಗೆ ದಂಡ ಗಿಂಡ ಹಾಕಲಿಲ್ಲ. ಸೋಮವಾರದ ಮೀಸಲು ಈಗ ಬೇರೆ ಮನೆಯಿಂದ ಹೋಗುತ್ತದೆ. ಈಚೆಗೆ ಮದುವೆಯಾಗಿ ಬಂದ ಹುಡುಗಿಯೊಬ್ಬಳು ನಮ್ಮ ಬಾಗಿಲು ದಾಟಿಕೊಂಡು ಆಚೆ ಮನೆಗೆ ಹೆಪ್ಪಿಗೆ ಹೋದಳು. ಅತ್ತೆ ಜಗಲಿಯ ಮೇಲೆ ಕೂತಿದ್ದವರು ಎದ್ದು ಒಳಗೆ ಬಂದರು, ಅಷ್ಟೇ. ಸಂಜೆ ಎಂದಿನಂತೆ ಹಾಲಿಗೆ ಬೆರಳು ಅದ್ದಿ ಹದ ನೋಡುತ್ತಾರೆ.

ಅಕ್ಷರ ಬಾರದ ನಮ್ಮತ್ತೆ ಗುಡಿಯ ಮುಂದೆ ನಿಂತು ಹೇಳಿದ ಮೇಲೆ ನಾನು ಸ್ಟಾಫ್ ರೂಮಿನಲ್ಲಾದರೂ ಹೇಳಬೇಕಿತ್ತು. ಮೊಳಕಾಲ್ಮೂರಿಗೆ ಹೋಗಿ ಬಂದ ಮಾರನೆಯ ದಿನವೇ ಚಹಾದ ಹೊತ್ತಿಗೆ ಎದ್ದು ನಿಂತು ಎಲ್ಲವನ್ನೂ ಹೇಳಿದೆ. ಚರ್ಮಗಂಟು ರೋಗ, ಸೆರಗಿನೊಳಗಿನ ಪ್ಯಾಕೆಟ್ಟು, ಸಿದ್ದಾಪುರದ ಬಾಟಲಿ, ಮೊಳಕಾಲ್ಮೂರಿನ ಮಜ್ಜಿಗೆ, ಒಂದನ್ನೂ ಬಿಡಲಿಲ್ಲ. ಎಲ್ಲರೂ ಗಂಭೀರವಾಗಿ ಕೇಳಿದರು. ಒಬ್ಬಿಬ್ಬರು ಲೊಚಗುಟ್ಟಿದರು. ಕಾಮರ್ಸ್ ಮೇಷ್ಟರು ಚಹಾದ ಲೋಟ ಕೆಳಗಿಟ್ಟು, "ಪಾಪ, ದೊಡ್ಡ ಮನುಷ್ಯರು ಬಿಡ್ರಿ," ಎಂದರು. ಲೋಟವನ್ನು ಮತ್ತೆ ಎತ್ತಿಕೊಂಡು, "ಆದ್ರೂ ಮೇಡಂ, ನಮ್ಮ ಬಾಟ್ಲಿ ಕಥೆನೇ ಚೆನ್ನಾಗಿತ್ತು," ಎಂದರು.

ಸ್ಟಾಫ್ ರೂಮು ಗೊಳ್ಳೆಂದಿತು. ಎಷ್ಟೋ ದಿನದ ಅಭ್ಯಾಸ. ನನ್ನ ತುಟಿಯೂ ಅರಳಿಬಿಟ್ಟಿತ್ತು.